ಬೇಡ ಅನ್ನುವುದರ ಪ್ರಾಕ್ಟಿಕಲ್

ಮಾದಕ ವಸ್ತು ತಡೆ ಪರೀಕ್ಷೆಯಲ್ಲಿ ನನ್ನ ತಂಗಿಯ ಮಗಳು ಇಪ್ಪತ್ತೈದಕ್ಕೆ ಇಪ್ಪತ್ತೈದು ಅಂಕ ತೆಗೆದಳು. ಸರಿಯಾಗಿ ಮೂರನೆಯ ವಾರ ಶಾಲೆಯ ಬಾತ್‌ರೂಮಿನಲ್ಲಿ ಹೊಗೆ ಎಳೆಯುತ್ತಾ ಸಿಕ್ಕಿಬಿದ್ದಳು. ಪಾಠ ಮಾಡಿದವಳು ನಾನು, ಪ್ರಶ್ನೆಪತ್ರಿಕೆ ತೆಗೆದವಳು ನಾನು, ಉತ್ತರಪತ್ರಿಕೆಯ ಮೇಲೆ ಕೆಂಪು ಇಂಕಿನಲ್ಲಿ ‘ಭೇಷ್’ ಎಂದು ಬರೆದವಳೂ ನಾನೇ. ಈಗ ಹೇಳಿ, ಮುಖ ಎಲ್ಲಿಟ್ಟುಕೊಳ್ಳಲಿ?

ನಾನು ಗಣಿತದ ಟೀಚರ್. ಇಪ್ಪತ್ತಾರು ವರ್ಷದ ಸರ್ವಿಸು. ಮಕ್ಕಳು ನನಗೆ ಮೆಣಸಿನಕಾಯಿ ಮಿಸ್ ಎಂದು ಹೆಸರಿಟ್ಟಿದ್ದಾರೆ, ಅದು ನನ್ನ ಕಿವಿಗೆ ಬಿದ್ದಿಲ್ಲ ಎಂದುಕೊಂಡಿದ್ದಾರೆ. ಹೆಸರು ಸುಳ್ಳೇನಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಹೋದ ವರ್ಷದ ತನಕ ನಮ್ಮ ಶಾಲೆಯಲ್ಲಿ ಈ ವಿಷಯಕ್ಕೆ ಇದ್ದದ್ದು ವರ್ಷಕ್ಕೊಂದು ಭಾಷಣ. ಐನೂರು ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸುವುದು, ಯಾರಾದರೊಬ್ಬ ಅಧಿಕಾರಿ ಬಂದು ಕಪ್ಪಗಾದ ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸುವುದು, ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುವುದು, ಒಂದು ಫೋಟೋ. ಹಿಂದಿನ ಸಾಲಿನವರು ಆ ಹೊತ್ತಿಗೆ ಒಂದು ನಿದ್ದೆ ಮುಗಿಸಿರುತ್ತಿದ್ದರು. ಈ ಸಲ ಮೇಲಿನವರು ಭಾಷಣ ಸಾಕು ಎಂದು ಒಂದು ಕೈಪಿಡಿ ಕಳಿಸಿದರು. ಎಂಟನೆಯ ತರಗತಿಗೆ ವಾರಕ್ಕೊಂದರಂತೆ ಹನ್ನೆರಡು ಪಾಠ. ಹೆಡ್‌ಮಾಸ್ಟರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಮೇಡಂ, ನೀವಾದ್ರೆ ಬೇಗ ಮುಗಿಸ್ತೀರಿ,” ಎಂದರು.

ಮುಗಿಸಿದೆ. ಹನ್ನೆರಡು ವಾರದ್ದನ್ನು ನಾಲ್ಕು ಪೀರಿಯಡ್ಡಿನಲ್ಲಿ ಮುಗಿಸಿದೆ. ಪೋರ್ಷನ್ ಮುಗಿಸುವುದು ನಮ್ಮಂಥ ಟೀಚರುಗಳಿಗೆ ಒಂದು ಚಟ. ಐದನೆಯ ಪಾಠದಲ್ಲಿ ‘ಮಕ್ಕಳು ಇಬ್ಬಿಬ್ಬರಾಗಿ ನಿಂತು ತಮ್ಮದೇ ಮಾತಿನಲ್ಲಿ ಬೇಡ ಎನ್ನುವುದನ್ನು ಅಭ್ಯಾಸ ಮಾಡಲಿ’ ಎಂದು ಬರೆದಿತ್ತು. ಮೂವತ್ತೆಂಟು ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿದರೆ ತರಗತಿ ಸಂತೆಯಾಗುತ್ತದೆ. ನಾನು ಬೋರ್ಡಿನ ಮೇಲೆ ‘ನಿರಾಕರಿಸುವ ಐದು ವಿಧಾನಗಳು’ ಎಂದು ಬರೆದು ನೋಟ್ಸ್ ಕೊಟ್ಟೆ, ಮುಖ್ಯ ಪದಗಳ ಕೆಳಗೆ ಗೆರೆ ಎಳೆಯಿರಿ ಎಂದೆ, ಮುಂದಿನ ವಾರ ಪರೀಕ್ಷೆ ಇಟ್ಟೆ. ಸರಾಸರಿ ಇಪ್ಪತ್ತೆರಡು ಬಂತು. ಹೆಡ್‌ಮಾಸ್ಟರು ‘ಕಾರ್ಯಕ್ರಮ ಯಶಸ್ವಿಯಾಗಿ ಪೂರ್ಣಗೊಂಡಿದೆ’ ಎಂದು ವರದಿ ಕಳಿಸಿ, ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದರು. ನಾನೂ ಉಬ್ಬಿಹೋದೆ.

ಗುಬ್ಬಿ ಎಂದು ನಾವು ಕರೆಯುವ ಈ ಹುಡುಗಿಗೆ ಹದಿಮೂರು ವರ್ಷ, ಎಂಟನೆಯ ತರಗತಿ ಬಿ ಸೆಕ್ಷನ್. ಅವಳಪ್ಪ ತೀರಿಕೊಂಡ ಮೇಲೆ ನನ್ನ ತಂಗಿ, ಅವಳು, ನಾನು ಮೂವರೂ ಒಂದೇ ಮನೆಯಲ್ಲಿದ್ದೇವೆ. ಮನೆಯಲ್ಲಿ ನಾನು ದೊಡ್ಡಮ್ಮ, ಶಾಲೆಯಲ್ಲಿ ಮಿಸ್. ಗೇಟಿನ ಹತ್ತಿರ ಬಂದ ಕೂಡಲೇ ಅವಳು ಕರೆಯುವುದನ್ನು ಬದಲಾಯಿಸುತ್ತಾಳೆ, ಒಂದು ದಿನವೂ ತಪ್ಪಿದ್ದಿಲ್ಲ. ಇಂಥವಳನ್ನು ಪಿ.ಟಿ. ಮೇಷ್ಟ್ರು ಕೈಹಿಡಿದು ಕರೆದುಕೊಂಡು ಬಂದಾಗ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಇನ್ನೊಂದು ಕೈಯಲ್ಲಿ ಅವರು ಹಿಡಿದಿದ್ದದ್ದು ಪೆನ್ನಿನ ಹಾಗೆ ಕಾಣುವ ಹೊಗೆ ಯಂತ್ರ. ಮಕ್ಕಳು ಅದಕ್ಕೆ ವೇಪ್ ಎನ್ನುತ್ತಾರೆ. ಒಳಗೆ ಏನು ತುಂಬಿರುತ್ತದೋ ತುಂಬಿದವನಿಗೇ ಗೊತ್ತು.

ತಂಗಿಗೆ ಫೋನ್ ಹೋಯಿತು. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮಧ್ಯೆಯೇ ಇಳಿದು, ಯೂನಿಫಾರ್ಮಿನಲ್ಲೇ, ಹೆಗಲಿಗೆ ಟಿಕೆಟ್ ಮಷೀನ್ ನೇತುಹಾಕಿಕೊಂಡು ಬಂದಳು. ಹೆಡ್‌ಮಾಸ್ಟರು ಎಚ್ಚರಿಕೆ ಪತ್ರಕ್ಕೆ ಅವಳ ಸಹಿ ತೆಗೆದುಕೊಂಡರು.

“ನೋಡಮ್ಮ, ಇದು ಮೊದಲನೇ ಸಲ ಅಂತ ಬಿಡ್ತಿದ್ದೀನಿ. ಇನ್ನೊಂದು ಸಲ ಆದ್ರೆ ಟಿ.ಸಿ. ಕೊಟ್ಟು ಕಳಿಸೋದೇ. ರೂಲ್ಸು ನಂದಲ್ಲ.”

ತಂಗಿ ತಲೆಯಾಡಿಸಿದಳು. ಹಾಗೆ ಟಿ.ಸಿ. ಪಡೆದ ಮಗುವನ್ನು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ ಎನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು.

ಮನೆಗೆ ಬಂದು ನಾನು ಗುಬ್ಬಿಯನ್ನು ಹಿಗ್ಗಾಮುಗ್ಗಾ ಬೈದೆ. ನಾನು ಕೊಟ್ಟ ಪಾಠ ಎಲ್ಲಿ ಹೋಯಿತು, ಐದು ವಿಧಾನ ಎಲ್ಲಿ ಹೋಯಿತು, ಬಾಯಿಪಾಠ ಒಪ್ಪಿಸಿದ್ದೆಯಲ್ಲ ಎಂದು ಕಿರುಚಿದೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

“ದೊಡ್ಡಮ್ಮ, ಮೂರನೇ ಪಾಯಿಂಟು ‘ವಿನಯದಿಂದ ಹಾಗೂ ದೃಢವಾಗಿ ನಿರಾಕರಿಸುವುದು’. ಬರೆಯೋಕೆ ಬರುತ್ತೆ. ಆದ್ರೆ ಬಾಯಲ್ಲಿ ಏನಂತ ಹೇಳೋದು?”

ಬಾಯಲ್ಲಿ ಹೇಳುವ ಮಾತನ್ನು ನಾನು ಬೋರ್ಡಿನ ಮೇಲೆ ಬರೆದೇ ಇರಲಿಲ್ಲ.

“ಕೊಟ್ಟವಳು ಕೆಟ್ಟವಳಲ್ಲ ದೊಡ್ಡಮ್ಮ. ವಾಲಿಬಾಲ್ ಟೀಮಲ್ಲಿ ನನಗಿಂತ ದೊಡ್ಡವಳು. ನನಗೆ ಶೂ ಇಲ್ಲದಾಗ ತನ್ನ ಹಳೇ ಶೂ ಕೊಟ್ಟಿದ್ಲು. ‘ಒಂದೇ ಒಂದ್ಸಲ, ನನಗೋಸ್ಕರ’ ಅಂದ್ಲು. ಹೆಸರು ಮಾತ್ರ ಕೇಳಬೇಡಿ.”

ಇಷ್ಟು ಹೇಳಿ ಅವಳು ಅತ್ತಳು. ನನ್ನ ಸಿಟ್ಟು ಅವಳ ಕಡೆಯಿಂದ ತಿರುಗಿ ಸೀದಾ ನನ್ನ ಮೇಲೇ ಬಂತು. ಒಳಗೆ ಹೋಗಿ ಆ ಕೈಪಿಡಿ ತೆಗೆದು ಮೊದಲ ಪುಟದಿಂದ ಓದಿದೆ. ಮುನ್ನುಡಿ ಓದುವ ಜಾತಿ ನಾನಲ್ಲ, ಅದಕ್ಕೇ ತಪ್ಪಿಹೋಗಿತ್ತು. ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಈ ಪಾಠಗಳಿಗೆ ನೋಟ್ಸ್ ಕೊಡಬಾರದು. ಪರೀಕ್ಷೆ ಮಾಡಬಾರದು. ಪಾಠಗಳನ್ನು ಸೇರಿಸಿ ಬೇಗ ಮುಗಿಸಬಾರದು.’ ಮಾಡಬಾರದು ಎಂದ ಮೂರನ್ನೂ ನಾನು ಅಚ್ಚುಕಟ್ಟಾಗಿ ಮಾಡಿದ್ದೆ. ಈಜು ಕಲಿಸುತ್ತೇನೆಂದು ಹೇಳಿ ಮಕ್ಕಳಿಗೆ ಕೆರೆಯ ನಕ್ಷೆ ಬರೆಸಿದ ಹಾಗಾಗಿತ್ತು.

ಮರುದಿನ ಪ್ರಾರ್ಥನೆಗೂ ಮುಂಚೆ ಹೆಡ್‌ಮಾಸ್ಟರ ಕೋಣೆಗೆ ಹೋದೆ.

“ಸರ್, ನಾನು ಪಾಠ ಮಾಡಿಲ್ಲ. ಡಿಕ್ಟೇಶನ್ ಕೊಟ್ಟಿದ್ದೀನಿ. ಮತ್ತೆ ಮೊದಲಿಂದ ಮಾಡ್ತೀನಿ, ಹನ್ನೆರಡು ವಾರ.”

ಅವರು ಕನ್ನಡಕ ತೆಗೆದು ಒರೆಸಿದರು. “ಮುಗಿದಿದೆ ಅಂತ ವರದಿ ಹೋಗಿದೆಯಲ್ರೀ. ಮುಗಿದದ್ದನ್ನ ಮತ್ತೆ ಶುರುಮಾಡೋದು ಹೇಗೆ? ಯಾರಾದ್ರೂ ಕೇಳಿದ್ರೆ ಏನು ಹೇಳಲಿ?”

“ನಮ್ಮ ಟೀಚರಿಗೆ ಬುದ್ಧಿ ಇರಲಿಲ್ಲ, ಈಗ ಬಂದಿದೆ ಅಂತ ಹೇಳಿ.”

ಅವರಿಗೆ ನಗು ಬಂತು, ಆದರೂ ನಗಲಿಲ್ಲ. ಬಹಳ ಹೊತ್ತು ಎಳೆದಾಡಿ ಕೊನೆಗೆ ಎಂಟನೆಯ ಬಿ ಸೆಕ್ಷನ್ನಿಗೆ ಮಾತ್ರ, ಶುಕ್ರವಾರದ ಕೊನೆಯ ಪೀರಿಯಡ್ ಬಿಟ್ಟುಕೊಟ್ಟರು. ಅದಕ್ಕೊಂದು ಷರತ್ತು ಹಾಕಿದರು. ಈ ಹನ್ನೆರಡು ವಾರದಲ್ಲಿ ಆ ಸೆಕ್ಷನ್ನಿನ ಒಂದೇ ಒಂದು ಮಗು ಸಿಕ್ಕಿಬಿದ್ದರೂ ಅಲ್ಲಿಗೇ ನಿಲ್ಲಿಸಿ ಮತ್ತೆ ಸಭಾಂಗಣದ ಭಾಷಣ. “ಇನ್ನು ನಿಮ್ಮ ಮನೆ ಹುಡುಗಿ ವಿಷಯ ನಿಮಗೆ ಗೊತ್ತೇ ಇದೆ,” ಎಂದರು. ಗೊತ್ತಿಲ್ಲದೆ ಏನು? ಇನ್ನೊಂದು ಸಲ ಸಿಕ್ಕರೆ ಅವಳಿಗೆ ಟಿ.ಸಿ.

ಮೊದಲ ಶುಕ್ರವಾರ ಮಣ್ಣುಮುಕ್ಕಿದೆ. ಬೆಂಚುಗಳನ್ನು ಗೋಡೆಗೆ ತಳ್ಳಿ, ಒಬ್ಬ ಹುಡುಗನನ್ನು ಮಧ್ಯೆ ನಿಲ್ಲಿಸಿ, ನಾನೇ ವೇಪ್ ಕೊಡುವವಳಾಗಿ ನಿಂತೆ. “ಏಯ್, ತಗೋ! ತಗೊಳ್ಳದಿದ್ರೆ ನೋಡ್ಕೋತೀನಿ!” ಎಂದು ಕಣ್ಣು ಕೆಕ್ಕರಿಸಿದೆ. ಆ ಹುಡುಗ ಎದೆ ಸೆಟೆಸಿ, “ಕ್ಷಮಿಸಿ ಗೆಳೆಯರೇ, ಮಾದಕ ವಸ್ತುಗಳು ಆರೋಗ್ಯಕ್ಕೆ ಹಾನಿಕರ!” ಎಂದು ನಾಟಕದ ರಾಜಕುಮಾರನ ಗತ್ತಿನಲ್ಲಿ ಹೇಳಿದ. ತರಗತಿ ಬಿದ್ದು ಬಿದ್ದು ನಕ್ಕಿತು. ನನ್ನ ಮೂಗು ಕೆಂಪಾಯಿತು.

ಅಷ್ಟರಲ್ಲಿ ಹಿಂದಿನಿಂದ ಗುಬ್ಬಿ ಎದ್ದಳು. “ಮಿಸ್, ಯಾರೂ ಹಾಗೆ ಕೇಳಲ್ಲ,” ಎಂದಳು. ಎಲ್ಲರಿಗೂ ಅವಳ ಕಥೆ ಗೊತ್ತಿದ್ದರಿಂದ ನಗು ತಟ್ಟನೆ ನಿಂತಿತು. ಅವಳು ಮುಂದೆ ಬಂದು ಆ ಹುಡುಗನ ಹೆಗಲ ಮೇಲೆ ಕೈಹಾಕಿ, ತಗ್ಗಿದ ದನಿಯಲ್ಲಿ, ನಗುನಗುತ್ತಾ ಕೇಳಿದಳು. “ಒಂದ್ಸಲ ಅಷ್ಟೇ ಕಣೋ. ಎಲ್ಲರೂ ಮಾಡ್ತಾರೆ. ನೀನು ನನ್ನ ಫ್ರೆಂಡ್ ತಾನೇ?” ಹುಡುಗನ ಎದೆ ಇಳಿಯಿತು. ಅವನು ನೆಲ ನೋಡಿದ, ಕಿಟಕಿ ನೋಡಿದ, ನನ್ನನ್ನು ನೋಡಿದ. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ತೆಗೆದಿದ್ದ ಹುಡುಗ ಅವನು.

ಅವತ್ತಿನಿಂದ ನಾನು ಕೊಡುವವಳ ಪಾತ್ರ ಬಿಟ್ಟೆ. ಯಾರು ಎಲ್ಲಿ ಹೇಗೆ ಕೇಳುತ್ತಾರೆ ಎನ್ನುವುದನ್ನು ಮಕ್ಕಳೇ ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಕೊಟ್ಟರು. ಟ್ಯೂಷನ್ ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನ ಹಿಂದೆ, ನೆಂಟರ ಮದುವೆ ಮನೆಯಲ್ಲಿ ದೊಡ್ಡ ಹುಡುಗರ ಗುಂಪಿನಲ್ಲಿ. ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದಿದೆ. ನಾನು ಇವರಿಗೆ ಸಮೀಕರಣ ಕಲಿಸುತ್ತಿದ್ದ ಹೊತ್ತಿನಲ್ಲಿ ಇವರು ಇದನ್ನೆಲ್ಲ ಒಬ್ಬೊಬ್ಬರೇ ಎದುರಿಸುತ್ತಿದ್ದರು.

ನಾಲ್ಕನೆಯ ವಾರ ಒಂದು ಲೆಕ್ಕ ಮಾಡಿಸಿದೆ, ಲೆಕ್ಕವಾದರೆ ನನ್ನ ಕಸುಬು. ಈ ತರಗತಿಯ ಮೂವತ್ತೆಂಟರಲ್ಲಿ ಎಷ್ಟು ಜನ ಒಮ್ಮೆಯಾದರೂ ವೇಪ್ ಎಳೆದಿರಬಹುದು, ಊಹಿಸಿ ಬರೆಯಿರಿ ಎಂದೆ. ಹೆಚ್ಚಿನವರು ಇಪ್ಪತ್ತರ ಮೇಲೆ ಬರೆದರು, ಒಬ್ಬ ಮೂವತ್ತು ಬರೆದ. ಆಮೇಲೆ ಹೆಸರು ಹಾಕದೆ ತಮ್ಮ ತಮ್ಮ ನಿಜ ಬರೆದು ಡಬ್ಬಿಗೆ ಹಾಕಿದರು. ಎಲ್ಲರೆದುರೇ ಎಣಿಸಿದೆವು. ಮೂರು. ಯಾರೂ ನಂಬಲಿಲ್ಲ, ಮತ್ತೆ ಎಣಿಸಿ ಎಂದರು. ಮತ್ತೆ ಎಣಿಸಿದರೂ ಮೂರೇ.

“ಹಾಗಾದ್ರೆ ‘ಎಲ್ಲರೂ ಮಾಡ್ತಾರೆ’ ಅನ್ನೋದು ಬರೀ ಬುರುಡೆನಾ ಮಿಸ್?” ಎಂದು ಮುಂದಿನ ಬೆಂಚಿನವಳು ಕೇಳಿದಳು.

“ಶುದ್ಧ ಬುರುಡೆ,” ಎಂದೆ. ತರಗತಿಯಲ್ಲಿ ಅಷ್ಟೂ ಭುಜಗಳು ಒಂದೇ ಸಲ ಹಗುರಾದದ್ದನ್ನು ನಾನು ಕಣ್ಣಾರೆ ಕಂಡೆ. ಗುಬ್ಬಿ ಮಾತ್ರ ಹಣೆಗೆ ಕೈ ಹಚ್ಚಿ ಕೂತಿದ್ದಳು.

ಅವಳು ಇನ್ನೂ ತೊದಲುತ್ತಿದ್ದಳು. ಪ್ರತಿ ಸಲ ಕಾರಣ ಕೊಡುತ್ತಿದ್ದಳು. ನೆಗಡಿ ಇದೆ, ಅಮ್ಮ ಬೈತಾರೆ, ನಾಳೆ ಟೆಸ್ಟ್ ಇದೆ. ಎದುರಿಗಿದ್ದವರು ಒಂದೊಂದೇ ಕಾರಣವನ್ನು ಹೊಡೆದುರುಳಿಸುತ್ತಿದ್ದರು, ಕೊನೆಗೆ ಅವಳ ಹತ್ತಿರ ಕಾರಣವೇ ಉಳಿಯುತ್ತಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ನಾವಿಬ್ಬರೂ ಅಭ್ಯಾಸ ಮಾಡುತ್ತಿದ್ದಾಗ ತಂಗಿ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು.

“ಅಕ್ಕ, ನೀವಿಬ್ಬರೂ ಏನು ವಕೀಲರಾ? ಯಾಕೆ ವಾದ ಮಾಡ್ತೀರಾ?” ಎಂದಳು. “ಬಸ್ಸಲ್ಲಿ ದಿನಕ್ಕೆ ಐವತ್ತು ಜನ ಸ್ಟಾಪ್ ಇಲ್ಲದ ಕಡೆ ನಿಲ್ಲಿಸಿ ಅಂತ ಗೋಗರೀತಾರೆ. ಟ್ರಾಫಿಕ್ ಇದೆ ಅಂದ್ರೆ, ಎಲ್ಲಿದೆ ಟ್ರಾಫಿಕ್ ತೋರಿಸಿ ಅಂತಾರೆ. ಪೊಲೀಸ್ ಇದ್ದಾರೆ ಅಂದ್ರೆ, ಇವತ್ತಿಲ್ಲ ಅಂತಾರೆ. ಕಾರಣ ಕೊಟ್ಟೆವೋ, ಕೆಟ್ಟೆವು. ನಾನು ‘ಇಲ್ಲಿ ನಿಲ್ಸಲ್ಲ’ ಅಂತ ಒಂದೇ ಮಾತು ಹೇಳಿ ಮುಂದಿನ ಸೀಟಿನವರಿಗೆ ‘ಟಿಕೆಟ್?’ ಅಂತೀನಿ. ಮುಗೀತು.”

ಏಳನೆಯ ಶುಕ್ರವಾರ ಅವಳನ್ನೇ ತರಗತಿಗೆ ಕರೆದೆ. ಯೂನಿಫಾರ್ಮಿನಲ್ಲಿ ಬಂದಳು. ಬೆಂಚುಗಳನ್ನು ಬಸ್ಸಿನ ಸೀಟುಗಳಂತೆ ಸಾಲಾಗಿ ಹಾಕಿದೆವು. ಮಕ್ಕಳು ಪ್ರಯಾಣಿಕರಾಗಿ ಕೂತು ಗೋಗರೆದರು, ಅತ್ತರು, ಕಾಲು ನೋವೆಂದರು, ಒಬ್ಬನಂತೂ ಹೆರಿಗೆ ನೋವೆಂದ. ಅವಳು ಪ್ರತಿಯೊಬ್ಬರಿಗೂ ನಗುತ್ತಲೇ ಒಂದೇ ಮಾತು ಹೇಳಿ ಮುಂದಿನ ಸೀಟಿಗೆ ದಾಟಿದಳು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಂಡಕ್ಟರಾದರು. ಗುಬ್ಬಿಯ ಸರದಿ ಬಂದಾಗ ಅವಳಮ್ಮನೇ ಸೀಟಿನಲ್ಲಿ ಕೂತು ವೇಪ್ ಎಂದು ಸೀಮೆಸುಣ್ಣದ ತುಂಡು ಚಾಚಿ, “ನನಗೋಸ್ಕರ,” ಎಂದಳು. ಗುಬ್ಬಿ ತಾಯಿಯ ಕಣ್ಣನ್ನೇ ನೋಡಿ, “ನಂಗೆ ಬೇಡ. ಟಿಕೆಟ್?” ಎಂದಳು. ತಂಗಿ ಮುಖ ಆಚೆ ತಿರುಗಿಸಿಕೊಂಡು ಟಿಕೆಟ್ ಮಷೀನ್ ಸರಿಮಾಡಿಕೊಳ್ಳುವವಳ ಹಾಗೆ ಮಾಡಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತ್ತು.

ಹನ್ನೊಂದು ಪಾಠ ಮುಗಿದವು. ಹನ್ನೆರಡನೆಯದಕ್ಕೆ ಮುಂಚಿನ ಗುರುವಾರ ನಮ್ಮ ಮೈದಾನದಲ್ಲಿ ಶಾಲೆಗಳ ನಡುವಿನ ವಾಲಿಬಾಲ್ ಪಂದ್ಯ. ಮಧ್ಯಾಹ್ನ ಪಿ.ಟಿ. ಮೇಷ್ಟ್ರು ಏದುಸಿರು ಬಿಡುತ್ತಾ ಬಂದು, “ಮೇಡಂ, ಹೆಡ್‌ಮಾಸ್ಟರು ಕರೀತಿದ್ದಾರೆ. ಬಟ್ಟೆ ಬದಲಾಯಿಸೋ ರೂಮಲ್ಲಿ ಮತ್ತೆ ಸಿಕ್ಕಿದೆ. ನಿಮ್ಮ ಹುಡುಗಿ ಬ್ಯಾಗಿನ ಹತ್ತಿರಾನೇ,” ಎಂದರು.

ನಾನು ಓಡಿದೆ. ಐವತ್ತೆರಡು ವರ್ಷದವಳು ಕಾರಿಡಾರಿನಲ್ಲಿ ಸೆರಗು ಎತ್ತಿಕಟ್ಟಿ ಓಡುವುದನ್ನು ಮೂರು ತರಗತಿಗಳು ಕಿಟಕಿಯಿಂದ ನೋಡಿದವು.

ಹೆಡ್‌ಮಾಸ್ಟರ ಮೇಜಿನ ಮೇಲೆ ಹಸಿರು ಬಣ್ಣದ ವೇಪ್ ಇತ್ತು. ಪಕ್ಕದಲ್ಲಿ ಟಿ.ಸಿ. ಪುಸ್ತಕ ತೆರೆದಿತ್ತು. ಗುಬ್ಬಿ ಜೆರ್ಸಿ ಹಾಕಿಕೊಂಡೇ ಗೋಡೆಗೆ ಆನಿಕೊಂಡು ನಿಂತಿದ್ದಳು, ಮೊಣಕಾಲಿಗೆ ಮಣ್ಣು ಮೆತ್ತಿತ್ತು.

“ನಂದಲ್ಲ ಸರ್. ನಾನು ತಗೊಂಡಿಲ್ಲ.”

“ಹಾಗಾದ್ರೆ ಯಾರದ್ದು?”

ಅವಳು ತನ್ನ ಶೂ ನೋಡಿಕೊಂಡಳು. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ನಾನು ಮುಂದೆ ಬಂದೆ. ಹನ್ನೊಂದು ವಾರ, ಅಷ್ಟು ಚೀಟಿಗಳು, ನಮ್ಮ ಗುಬ್ಬಿ, ಎಲ್ಲವೂ ಆ ಪೆನ್ನಿನ ತುದಿಯಲ್ಲಿತ್ತು.

“ಅದು ನಂದು ಸರ್.”

ಬಾಗಿಲಲ್ಲಿ ನಿಂತಿದ್ದವಳು ಹತ್ತನೆಯ ತರಗತಿಯ ಹುಡುಗಿ, ವಾಲಿಬಾಲ್ ಟೀಮಿನ ಕ್ಯಾಪ್ಟನ್. ಶಾಲೆಯ ಕಪ್ಪುಗಳಲ್ಲಿ ಅರ್ಧ ಇವಳು ಗೆದ್ದು ತಂದದ್ದು. ಗುಬ್ಬಿಯ ಮುಖ ನೋಡಿದ ಕೂಡಲೇ ಶೂ ಕೊಟ್ಟವಳು ಯಾರೆಂದು ನನಗೆ ತಿಳಿಯಿತು.

“ಹೋದ ಸಲ ಇವಳಿಗೆ ಕೊಟ್ಟಿದ್ದೂ ನಾನೇ,” ಎಂದಳು ಕ್ಯಾಪ್ಟನ್. “ಇವತ್ತು ಆಟಕ್ಕೆ ಮುಂಚೆ ಮತ್ತೆ ಕೊಟ್ಟೆ. ‘ನಂಗೆ ಬೇಡ’ ಅಂದ್ಲು.”

“ನೀನು ಅಷ್ಟಕ್ಕೇ ಬಿಟ್ಟೆಯಾ?” ಎಂದರು ಹೆಡ್‌ಮಾಸ್ಟರು.

“ಇಲ್ಲ ಸರ್, ಮೂರು ಸಲ ಕೇಳಿದೆ. ನನ್ನ ಮೇಲೆ ಕೋಪನಾ ಅಂದೆ. ಕೋಪ ಇಲ್ಲ, ಬೇಡ, ನನ್ನ ನೀಕ್ಯಾಪ್ ನೋಡಿದ್ಯಾ ಅಂತ ಹುಡುಕೋಕೆ ಶುರುಮಾಡಿದ್ಲು. ಪಕ್ಕದಲ್ಲಿ ಎಂಟನೇ ಬಿಯವರೇ ಇನ್ನಿಬ್ಬರಿದ್ರು. ಅವರಿಗೂ ಕೊಟ್ಟೆ. ಅವರೂ ಬೇಡ ಅಂದು ಶೂ ಲೇಸ್ ಕಟ್ಟಿಕೊಳ್ತಾ ಕೂತ್ರು. ಯಾರೂ ಬೈಲಿಲ್ಲ, ಹೆದರಲೂ ಇಲ್ಲ. ಅದನ್ನ ಕೈಯಲ್ಲಿ ಹಿಡಕೊಂಡು ನಾನೊಬ್ಬಳೇ ಪೆದ್ದಿ ಥರ ನಿಂತಿದ್ದೆ. ನಾಚಿಕೆಯಾಗಿ ಬೆಂಚಿನ ಕೆಳಗೆ ಎಸೆದೆ.”

ನಾನು ಗುಬ್ಬಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ನನಗೆ ಕುಣಿಯಬೇಕು ಅನ್ನಿಸಿತು. ನಿಜವಾಗಿಯೂ, ಹೆಡ್‌ಮಾಸ್ಟರ ಮೇಜಿನ ಮೇಲೆ ಹತ್ತಿ ಕುಣಿಯಬೇಕು ಅನ್ನಿಸಿತು.

ಕ್ಯಾಪ್ಟನ್ ಇನ್ನೂ ಹೋಗಿರಲಿಲ್ಲ. “ಸರ್, ಟಿ.ಸಿ. ಕೊಡೋದಾದ್ರೆ ನನಗೆ ಕೊಡಿ. ಆದ್ರೆ ಒಂದು ಕೇಳ್ಲಾ? ಇವರಿಗೆ ಶುಕ್ರವಾರ ಅದೇನೋ ಹೇಳಿಕೊಡ್ತಾರಂತಲ್ಲ, ಅದು ನಮಗೆ ಯಾಕೆ ಇರಲಿಲ್ಲ?”

ಹೆಡ್‌ಮಾಸ್ಟರು ಕೆಟ್ಟ ಮನುಷ್ಯರಲ್ಲ, ರಿಜಿಸ್ಟರಿಗೆ ಹೆದರುವ ಮನುಷ್ಯ ಅಷ್ಟೇ. ಪೆನ್ನಿನ ಮುಚ್ಚಳ ಹಾಕಿದರು, ಟಿ.ಸಿ. ಪುಸ್ತಕ ಮುಚ್ಚಿ ಡ್ರಾಯರಿನೊಳಗೆ ತಳ್ಳಿದರು. ತಾನಾಗಿ ಬಂದು ಒಪ್ಪಿಕೊಂಡವಳಿಗೆ ಎಚ್ಚರಿಕೆ ಪತ್ರ ಸಾಕು ಎಂದರು. ಗುಬ್ಬಿಯನ್ನು ಹತ್ತಿರ ಕರೆದು, “ತಪ್ಪಾಯ್ತಮ್ಮ,” ಎಂದರು. ಇಪ್ಪತ್ತಾರು ವರ್ಷದಲ್ಲಿ ಹೆಡ್‌ಮಾಸ್ಟರೊಬ್ಬರು ಒಂದು ಮಗುವಿಗೆ ಈ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿದರು. “ಮೇಡಂ, ಬರೋ ಟರ್ಮಿನಿಂದ ಏಳರಿಂದ ಹತ್ತರ ತನಕ ಎಲ್ಲಾ ಸೆಕ್ಷನ್ನಿಗೂ ಶುಕ್ರವಾರದ ಕೊನೇ ಪೀರಿಯಡ್ ಇದಕ್ಕೇ. ಉಳಿದ ಟೀಚರುಗಳಿಗೆ ನೀವೇ ಹೇಳಿಕೊಡಿ. ನೋಟ್ಸ್ ಕೊಟ್ಟವರನ್ನ ನನ್ನ ಹತ್ತಿರ ಕಳಿಸಿ.”

ಹೊರಗೆ ಬಂದ ಮೇಲೆ ಗುಬ್ಬಿಯನ್ನು ಅಪ್ಪಿಕೊಂಡೆ. ಅವಳು, “ಮಿಸ್, ಎಲ್ಲರೂ ನೋಡ್ತಿದ್ದಾರೆ,” ಎಂದಳು. ನೋಡಲಿ ಎಂದೆ. ಅವಳಮ್ಮನಿಗೆ ಫೋನ್ ಮಾಡಿ ಹೇಳಿದಾಗ ಬಸ್ಸಿನ ಸದ್ದಿನ ನಡುವೆ, “ಮೊದಲಿಂದ ಹೇಳು ಅಕ್ಕ,” ಎಂದಳು.

ಮರುದಿನ ಹನ್ನೆರಡನೆಯ ಪಾಠ. ಎಂಟನೆಯ ಬಿ ಬಾಗಿಲಿಗೆ ಕ್ಯಾಪ್ಟನ್ ಬಂದು ನಿಂತಳು. ಆ ಎತ್ತರದ ಹುಡುಗಿ ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಳು. ಅವಳ ಸರದಿ ಬಂದಾಗ, ಯಾರು ಕೊಡುವವರಾಗಿ ನಿಲ್ಲಬೇಕು ಎಂದು ಕೇಳಿದೆ.

“ಚಿಕ್ಕಪ್ಪನ ಮಗ,” ಎಂದಳು. “ಅಣ್ಣ. ದಿನಾ ಬೈಕಲ್ಲಿ ಪ್ರಾಕ್ಟೀಸಿಗೆ ಬಿಡೋದು ಅವನೇ. ಕೊಡೋದೂ ಅವನೇ.”

ಗುಬ್ಬಿ ಎದ್ದುಬಂದು ಅಣ್ಣನಾಗಿ ನಿಂತಳು. ಕಾಲ್ಪನಿಕ ಬೈಕಿನ ಮೇಲೆ ಕಾಲು ಚಾಚಿ, ಸೀಮೆಸುಣ್ಣದ ತುಂಡನ್ನು ಮುಂದೆ ಹಿಡಿದು, “ಏನಮ್ಮ ಕ್ಯಾಪ್ಟನ್, ದೊಡ್ಡ ಮನುಷ್ಯಳಾಗಿಬಿಟ್ಯಾ? ಅಣ್ಣ ಕೊಟ್ರೂ ಬೇಡ್ವಾ?” ಎಂದಳು.

ಮೈದಾನದಲ್ಲಿ ಎದುರು ಟೀಮಿಗೆ ನಡುಕ ಹುಟ್ಟಿಸುವವಳು ತೊದಲಿದಳು. “ಇಲ್ಲಣ್ಣ, ಅದು... ಇವತ್ತು ಹೊಟ್ಟೆ ಸರಿಯಿಲ್ಲ...”

“ಕಾರಣ ಕೊಡಬೇಡಕ್ಕ!” ಎಂದು ಮೂವತ್ತೇಳು ಮಕ್ಕಳು ಒಟ್ಟಿಗೆ ಕೂಗಿದರು.

ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಅವಳು ಉಸಿರೆಳೆದುಕೊಂಡಳು, ಅಣ್ಣನ ಕಣ್ಣನ್ನು ನೋಡಿದಳು.

“ನಂಗೆ ಬೇಡ ಅಣ್ಣ. ಗಾಡಿ ತೆಗಿ, ಪ್ರಾಕ್ಟೀಸಿಗೆ ಲೇಟಾಗುತ್ತೆ.”

ತರಗತಿ ಚಪ್ಪಾಳೆ, ಶಿಳ್ಳೆಯಿಂದ ಹಾರಿಹೋಗುವಂತಾಯಿತು. ಗುಬ್ಬಿ ಅವಳ ಕುತ್ತಿಗೆಗೆ ಜೋತುಬಿದ್ದಳು. ಬೆಲ್ ಹೊಡೆಯಿತು, ಮಕ್ಕಳು ಬ್ಯಾಗ್ ಎತ್ತಿಕೊಳ್ಳತೊಡಗಿದರು. ಕ್ಯಾಪ್ಟನ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅಂಗೈಯಿಂದ ಕಣ್ಣು ಒರೆಸಿಕೊಂಡು ಗುಬ್ಬಿಯನ್ನು ಮತ್ತೆ ಎದುರಿಗೆ ನಿಲ್ಲಿಸಿದಳು.

“ಇನ್ನೊಂದ್ಸಲ ಕೇಳು,” ಎಂದಳು. “ಸಂಜೆ ಅವನು ಗೇಟಿನ ಹತ್ತಿರ ಬಂದಿರ್ತಾನೆ.”

ಬ್ಯಾಗ್ ಎತ್ತಿಕೊಂಡಿದ್ದವರೆಲ್ಲ ಬ್ಯಾಗ್ ಕೆಳಗಿಟ್ಟು ಕೂತರು.